ಕಂಡದ್ದನ್ನು ಕಂಡಂತೆ ಬರೆಯುವುದು: ಮಂಡ್ಯದ ಒಂದು ಆಲೆಮನೆಯನ್ನು ಮುಂದಿಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಬರವಣಿಗೆಯಲ್ಲಿ ಪ್ರಾಮಾಣಿಕತೆ ಎಂದ ಕೂಡಲೇ ಮನಸ್ಸು ಬಿಚ್ಚಿ ಹೇಳಿಕೊಳ್ಳುವುದು ಎಂದು ತಿಳಿಯುವವರು ಬಹಳ. ಒಳ್ಳೆಯ ಮನಸ್ಸಿನವರೂ ಸುಳ್ಳು ಪ್ಯಾರಾ ಬರೆಯುತ್ತಾರೆ. ಬೇಕೆಂದೇ ಬರೆಯುವುದಿಲ್ಲ. ನೋಟ್‌ಬುಕ್‌ನಲ್ಲಿ ಏನೂ ಇಲ್ಲದ ಜಾಗವನ್ನು ಎಲ್ಲೋ ಓದಿದ ಮಾತು ಬಂದು ತುಂಬುತ್ತದೆ, ಅಷ್ಟೆ. ಹಾಗಾಗಿ ಪ್ರಾಮಾಣಿಕತೆಯನ್ನು ಸ್ವಭಾವದ ವಿಷಯವೆಂದು ಬಿಡದೆ ಕೈಕೆಲಸವೆಂದು ಹಿಡಿಯಬೇಕು. ಅದನ್ನು ಹಂತ ಹಂತವಾಗಿ ಕಲಿಯಬಹುದು, ತಪ್ಪಾದರೆ ಎಲ್ಲಿ ತಪ್ಪಿತೆಂದು ಹುಡುಕಬಹುದು.

ಈ ಮಾರ್ಗದರ್ಶಿ ಸುಮಾರು ಸಾವಿರ ಪದಗಳ ಗದ್ಯ ಪ್ರಬಂಧವೊಂದನ್ನು ಬರೆಯುವವರಿಗೆ. ಉದಾಹರಣೆಗೆ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯನ್ನು ತೆಗೆದುಕೊಂಡಿದ್ದೇವೆ. ಮೈಸೂರಿನಿಂದ ಮಂಡ್ಯ 45 ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ರೈಲು ಹತ್ತಿ ಸಂಜೆ ವಾಪಸಾಗಬಹುದು. ಆಗದವರು ದೇವರಾಜ ಮಾರುಕಟ್ಟೆಯ ಒಂದು ಹೂವಿನ ಅಂಗಡಿಯನ್ನೋ ವೀಳ್ಯದೆಲೆಯ ಅಂಗಡಿಯನ್ನೋ ಇಟ್ಟುಕೊಂಡು ಇದೇ ಹಂತಗಳಲ್ಲಿ ಹೋಗಬಹುದು.

1. ವಸ್ತುವನ್ನು ಕಿರಿದು ಮಾಡಿ

"ಮಂಡ್ಯದ ರೈತರ ಬದುಕು" ಸಾವಿರ ಪದಕ್ಕೆ ಒಗ್ಗುವ ವಸ್ತುವಲ್ಲ. ಅಷ್ಟು ದೊಡ್ಡದನ್ನು ಹಿಡಿದರೆ ಪ್ರತಿ ವಾಕ್ಯವೂ ಎಲ್ಲ ರೈತರ ಪರವಾಗಿ ಮಾತಾಡಬೇಕಾಗುತ್ತದೆ, ಎಲ್ಲರ ಪರವಾಗಿ ಆಡಿದ ಮಾತು ಯಾರ ಮೇಲೂ ಕೂರುವುದಿಲ್ಲ. "ಒಂದು ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಒಲೆ ಏರಿದಾಗಿನಿಂದ ಬೆಲ್ಲ ಅಚ್ಚಿಗೆ ಬೀಳುವವರೆಗೆ" ಎಂದು ಬರೆದುಕೊಳ್ಳಿ. ಒಂದು ಕೊಪ್ಪರಿಗೆ ಪಾಕಕ್ಕೆ ಬರಲು ಎರಡು ಮೂರು ಗಂಟೆ ಬೇಕು. ಆ ಕೆಲಸಕ್ಕೇ ಒಂದು ಆರಂಭ, ಒಂದು ಕೊನೆ ಇದೆ. ಪ್ರಬಂಧಕ್ಕೆ ಬೇಕಾದ ಚೌಕಟ್ಟು ಅಲ್ಲೇ ಸಿದ್ಧವಾಗಿದೆ, ನೀವು ಕಟ್ಟಬೇಕಾಗಿಲ್ಲ.

2. ಕನಿಷ್ಠ ಎರಡು ಸಲ ಹೋಗಿ

ಮೊದಲ ಸಲ ಪ್ರಶ್ನೆ ಕೇಳಬೇಡಿ. ಮಾಲೀಕರ ಹತ್ತಿರ "ಬರೆಯೋಕೆ ಬಂದಿದ್ದೀನಿ, ಒಂದಷ್ಟು ಹೊತ್ತು ನೋಡ್ತಾ ಇರ್ತೀನಿ" ಎಂದು ನೇರವಾಗಿ ಹೇಳಿ, ಗಾಣದ ಬೆಲ್ಟಿನಿಂದ ದೂರದಲ್ಲಿ ಒಂದು ಕಡೆ ಕೂತುಬಿಡಿ. ಬರೆಯುವವರೆಂದು ಹೇಳದೆ ಗಿರಾಕಿಯಂತೆ ನಟಿಸಿ ಕದ್ದು ನೋಡಿದರೆ ಬಂದ ವಿವರ ಮುಂದೆ ಉಪಯೋಗಕ್ಕೆ ಬರುವುದಿಲ್ಲ: ಪ್ರಕಟಿಸುವಾಗ ಕೈ ನಡುಗುತ್ತದೆ, ಆ ನಡುಕವನ್ನು ಮುಚ್ಚಲು ಭಾಷೆ ಉಬ್ಬುತ್ತದೆ.

ಎರಡನೆಯ ಸಲ ಪ್ರಶ್ನೆಗಳ ಪಟ್ಟಿಯೊಂದಿಗೆ ಹೋಗಿ. ಮೊದಲ ಸಲ ನೋಡಿದ್ದರಲ್ಲಿ ಅರ್ಥವಾಗದೆ ಉಳಿದದ್ದೇ ಆ ಪಟ್ಟಿ. ಬೆಂಡೆ ಗಿಡವನ್ನು ಜಜ್ಜಿ ಲೋಳೆಯನ್ನು ಕಬ್ಬಿನ ಹಾಲಿಗೆ ಏಕೆ ಬಿಡುತ್ತಾರೆ? (ಕಸ ಅಂಟಿಕೊಂಡು ಮಡ್ಡಿಯಾಗಿ ಮೇಲೆ ಬರಲಿ ಎಂದು.) ಸುಣ್ಣದ ಅಳತೆ ಯಾರು ಹೇಳುತ್ತಾರೆ? ಪಾಕ ಬಂತೆಂದು ಹೇಗೆ ಗೊತ್ತು? ಥರ್ಮಾಮೀಟರ್ ಇಟ್ಟರೆ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ತೋರಿಸುತ್ತದೆ. ಕೊಪ್ಪರಿಗೆಯ ಮುಂದೆ ನಿಂತವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ನಿಮ್ಮ ಪ್ರಬಂಧಕ್ಕೆ ಬೇಕಾದದ್ದು ಆ ಬೆರಳು. ಆದರೆ 118 ಎಂಬುದು ನಿಮಗೆ ಗೊತ್ತಿದ್ದರೆ ಆ ಬೆರಳಿನ ಬಗ್ಗೆ ಅತಿಶಯ ಬರೆಯದೆ ಖಚಿತವಾಗಿ ಬರೆಯುತ್ತೀರಿ.

ಇಲ್ಲಿ ಆಗುವ ತಪ್ಪು ಒಂದೇ. ಹೆದ್ದಾರಿಯಲ್ಲಿ ಹೋಗುವಾಗ ಅರ್ಧ ಗಂಟೆ ನಿಲ್ಲಿಸಿ, ಒಂದು ಲೋಟ ಕಬ್ಬಿನ ಹಾಲು ಕುಡಿದು, ಫೋಟೋ ತೆಗೆದು, ಮನೆಗೆ ಹೋಗಿ ಬರೆಯುವುದು. ಹಾಗೆ ಬರೆದ ಪ್ರಬಂಧದಲ್ಲಿ ಘಮ ಬಿಟ್ಟು ಬೇರೇನೂ ಇರುವುದಿಲ್ಲ, ಏಕೆಂದರೆ ಅರ್ಧ ಗಂಟೆಯಲ್ಲಿ ಸಿಗುವುದು ಅದೊಂದೇ.

3. ಎಡಪುಟ, ಬಲಪುಟ

ಗೆರೆ ಇರುವ ಸಾಧಾರಣ ನೋಟ್‌ಬುಕ್ ಸಾಕು. ಬಲಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ. ಎಡಪುಟದಲ್ಲಿ ನಿಮಗೆ ಅನಿಸಿದ್ದು. "ಒಲೆಗೆ ರಚ್ಚು ಹಾಕುವವನ ಬಲಗೈ ತೋಳಿನ ಮೇಲೆ ಹಳೆಯ ಸುಟ್ಟ ಗುರುತು" ಎಂಬುದು ಬಲಕ್ಕೆ. "ಪಾಪ, ಎಷ್ಟು ಕಷ್ಟ" ಎಂಬುದು ಎಡಕ್ಕೆ. ಪ್ರತಿ ಕಾಲು ಗಂಟೆಗೊಮ್ಮೆ ಅಂಚಿನಲ್ಲಿ ಸಮಯ ಹಾಕಿ. ಕೆಲಸದ ಕ್ರಮ ನೆನಪಿನಲ್ಲಿ ಬಹಳ ಬೇಗ ಅದಲು ಬದಲಾಗುತ್ತದೆ.

ಮನೆಗೆ ಬಂದ ದಿನವೇ ರಾತ್ರಿ ಮಲಗುವ ಮೊದಲು ಬಲಪುಟವನ್ನು ಬಿಡಿಸಿ ಬರೆಯಬೇಕು. ಮಾರನೆಯ ದಿನಕ್ಕೆ ಬಿಟ್ಟರೆ ಎಡಪುಟದ್ದು ಬಲಪುಟಕ್ಕೆ ನುಸುಳುತ್ತದೆ: ಅವನ ಮುಖ ದಣಿದಿತ್ತೋ, ದಣಿದಿರಬೇಕೆಂದು ನೀವು ಅಂದುಕೊಂಡಿರೋ ಆಮೇಲೆ ಹೇಳಲು ಬರುವುದಿಲ್ಲ.

ಎಡಪುಟ ಬೇಡವೆಂದಲ್ಲ. ಪ್ರಬಂಧಕ್ಕೆ ಜೀವ ಬರುವುದು ಎಷ್ಟೋ ಸಲ ಅಲ್ಲಿಂದಲೇ. ಆದರೆ ಅದು ನಿಮ್ಮ ಅನಿಸಿಕೆಯಾಗಿಯೇ ಓದುಗರಿಗೆ ತಲುಪಬೇಕು, ಆಲೆಮನೆಯ ಸಂಗತಿಯ ವೇಷ ಹಾಕಿಕೊಂಡು ಬರಬಾರದು.

4. ಅಲ್ಲಿನವರ ಕೆಲಸದ ಮಾತುಗಳು

ಕೊನೆಯ ನಾಲ್ಕು ಪುಟ ಪದಗಳಿಗೆ ಮೀಸಲಿಡಿ. ಗಾಣ, ಕೊಪ್ಪರಿಗೆ, ಒಲೆಬಾಯಿ, ರಚ್ಚು, ಮಡ್ಡಿ, ಪಾಕ, ಅಚ್ಚು, ಕೂಳೆ ಕಬ್ಬು. ಇಪ್ಪತ್ತು ಪದ ಸಿಕ್ಕರೆ ಚೆನ್ನಾಗಿ ನೋಡಿದ್ದೀರಿ ಎಂದರ್ಥ. ಒಂದೇ ವಸ್ತುವಿಗೆ ಮದ್ದೂರಿನ ಕಡೆ ಒಂದು, ಪಾಂಡವಪುರದ ಕಡೆ ಇನ್ನೊಂದು ಹೆಸರಿರಬಹುದು. ನೀವು ಕೂತ ಆಲೆಮನೆಯಲ್ಲಿ ಏನೆನ್ನುತ್ತಾರೋ ಅದೇ ಇರಲಿ. ಬರೆಯುವಾಗ ಇಪ್ಪತ್ತನ್ನೂ ಸುರಿಯಬೇಡಿ. ಏಳೆಂಟು ಸಾಕು, ಪ್ರತಿಯೊಂದೂ ಕೆಲಸ ನಡೆಯುವ ವಾಕ್ಯದಲ್ಲೇ ಬರಲಿ. "ರಚ್ಚು ಎಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ" ಎಂದು ಪಾಠ ಹೇಳಬೇಕಾಗಿಲ್ಲ. "ಗಾಣದಿಂದ ಹೊರಬಿದ್ದ ರಚ್ಚನ್ನು ಅಂಗಳದಲ್ಲಿ ಒಣಗಲು ಹರವಿದ್ದರು" ಎಂದರೆ ಬೆಂಗಳೂರಿನ ಓದುಗರಿಗೂ ತಿಳಿಯುತ್ತದೆ.

5. ಕಂಡದ್ದು, ಕೇಳಿದ್ದು, ಓದಿದ್ದು

ಕರಡಿನ ಪ್ರತಿ ಸಂಗತಿಯ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಕಂ, ಕೇ, ಓ ಎಂದು ಒಂದು ಗುರುತು ಹಾಕಿ. ಮೂರರಲ್ಲಿ ಯಾವುದೂ ಹಾಕಲಾಗದ ವಾಕ್ಯ ಸಿಕ್ಕರೆ ಅದು ನಿಮ್ಮ ಊಹೆ. ತೆಗೆಯಿರಿ, ಇಲ್ಲವೇ ಊಹೆಯೆಂದು ಹೇಳಿ.

ಈ ಸೀಮೆಯ ಬಗ್ಗೆ ಬರೆಯುವಾಗ ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟು, ಬಂದೇ ಬರುತ್ತದೆ, ತಪ್ಪು ನುಗ್ಗುವುದೂ ಅಲ್ಲೇ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ವಿಶ್ವೇಶ್ವರಯ್ಯನವರು ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್. 1912ರಿಂದ 1918ರವರೆಗೆ ದಿವಾನರು. ಕಟ್ಟೆ ಪೂರ್ತಿಯಾಗುವ ಹೊತ್ತಿಗೆ 1930ರ ದಶಕ ಬಂದಿತ್ತು, ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಅದರ ಹಿಂದೆ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ದುಡಿಮೆ ಇದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಹೀಗಿರುವಾಗ "1920ರಲ್ಲಿ ಮಂಡ್ಯ ಜಿಲ್ಲೆಯ ರೈತರು ನಾಲೆಯ ನೀರಿನಲ್ಲಿ ಕಬ್ಬು ಬೆಳೆದು ಕಾರ್ಖಾನೆಗೆ ಸಾಗಿಸುತ್ತಿದ್ದರು" ಎಂಬ ಒಂದೇ ವಾಕ್ಯದಲ್ಲಿ ಮೂರು ತಪ್ಪು ಸೇರಿಕೊಂಡವು. ಬರೆದವರು ಸುಳ್ಳು ಹೇಳಲು ಕೂತವರಲ್ಲ. ವಾಕ್ಯ ಕಿವಿಗೆ ಹಿತವಾಗಿ ಕೇಳಿಸಿತು, ಬಿಟ್ಟರು.

ಜನ ಹೇಳುವ ಮಾತುಗಳನ್ನು ಎಸೆಯಬೇಡಿ, ಹಾಗೆಂದು ಇತಿಹಾಸವೆಂದು ಅಚ್ಚೊತ್ತಲೂ ಬೇಡಿ. ಕಟ್ಟೆಗೆ ಹಣ ಸಾಲದೆ ಬಂದಾಗ ಅರಮನೆಯ ಒಡವೆಗಳು ಮಾರಾಟವಾದ ಕಥೆಯನ್ನು ಆಲೆಮನೆಯ ಜಗಲಿಯ ಮೇಲೆ ಕೂತ ಹಿರಿಯರು ಹೇಳಿಯೇ ಹೇಳುತ್ತಾರೆ. "ಒಡವೆ ಮಾರಿದರು" ಎಂದು ಬರೆದರೆ ಆ ಮಾತಿನ ಹೊಣೆ ನಿಮ್ಮದು. "ಒಡವೆ ಮಾರಿದರಂತೆ" ಎಂದರೆ ಹೇಳಿದವರ ದನಿ ಉಳಿಯಿತು, ನಿಮ್ಮ ಮಿತಿಯೂ ಉಳಿಯಿತು. ನಮ್ಮ ನುಡಿಯಲ್ಲಿ ಇಷ್ಟು ಸಲೀಸಾದ ಸಾಧನ ಇರುವಾಗ ಬಳಸದಿರುವುದು ದೊಡ್ಡ ನಷ್ಟ.

6. ಮೊದಲ ಕರಡು

ನಡುವಿನಿಂದ ಶುರುಮಾಡಿ. ನಿಮಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಐದು ನಿಮಿಷವನ್ನು ಮೊದಲು ಬರೆಯಿರಿ. ಮುನ್ನುಡಿಯಿಂದ ಹೊರಟವರು ಮುನ್ನೂರು ಪದ ಮುಗಿಯುವವರೆಗೆ ಸಕ್ಕರೆ ನಾಡಿನ ಗುಣಗಾನದಿಂದ ಹೊರಗೆ ಬರುವುದಿಲ್ಲ. ಒಂದೂವರೆ ಸಾವಿರ ಪದ ಬರೆಯಿರಿ. ಮೂರರಲ್ಲಿ ಒಂದು ಪಾಲು ಹೋಗುತ್ತದೆ.

ಸಿದ್ಧ ಮಾತುಗಳು ಹೇಗೆ ಕೆಲಸ ಕೆಡಿಸುತ್ತವೆ ಎಂಬುದನ್ನು ಹತ್ತಿರದಿಂದ ನೋಡೋಣ. ಇದು ಸಾಮಾನ್ಯವಾಗಿ ಕಾಣುವ ಬಗೆಯ ಒಂದು ವಾಕ್ಯ:

"ಹಚ್ಚ ಹಸಿರಿನ ಕಬ್ಬಿನ ಗದ್ದೆಗಳ ನಡುವೆ, ಬೆಲ್ಲದ ಘಮಲು ತುಂಬಿದ ತಂಗಾಳಿಯಲ್ಲಿ, ಮಣ್ಣಿನ ಮಕ್ಕಳಾದ ಮುಗ್ಧ ಶ್ರಮಜೀವಿಗಳು ಬೆವರು ಸುರಿಸಿ ನಾಡಿಗೆ ಸಿಹಿ ಹಂಚುತ್ತಿದ್ದರು."

ಅದೇ ಹೊತ್ತನ್ನು ಬಲಪುಟದಿಂದ ತೆಗೆದು ಬರೆದರೆ:

"ಒಲೆಬಾಯಿಗೆ ರಚ್ಚು ತುಂಬುತ್ತಿದ್ದವನು ಪ್ರತಿ ಹಿಡಿ ಹಾಕುವಾಗಲೂ ಮುಖವನ್ನು ಎಡಕ್ಕೆ ಹೊರಳಿಸುತ್ತಿದ್ದ. ಮೇಲೆ ಕೊಪ್ಪರಿಗೆಯ ಪಕ್ಕ ನಿಂತವನು ತೂತಿನ ಸೌಟಿನಲ್ಲಿ ಮಡ್ಡಿ ಎತ್ತಿ ಡಬ್ಬಕ್ಕೆ ಸುರಿಯುತ್ತಿದ್ದ. ಹಾಲು ಉಕ್ಕಿ ಅಂಚಿಗೆ ಬಂತು. ಅವನು ಹರಳೆಣ್ಣೆಯ ನಾಲ್ಕು ಹನಿ ಬಿಟ್ಟ. ನೊರೆ ಇಳಿಯಿತು. ಒಲೆಯವನು ಕೆಳಗಿನಿಂದ ಹಿಂದಿಯಲ್ಲಿ ಏನೋ ಕೇಳಿದ, ಮೇಲಿನವನು ಕೈಸನ್ನೆಯಲ್ಲಿ ಸಾಕು ಎಂದ."

ಎರಡನೆಯದರಲ್ಲಿ ಒಂದು ಗುಣವಾಚಕವೂ ಇಲ್ಲ ಎಂಬುದು ಅದರ ಹೆಚ್ಚುಗಾರಿಕೆಯಲ್ಲ. ಮೊದಲನೆಯದು ಮುಚ್ಚಿಟ್ಟ ಒಂದು ಸಂಗತಿ ಎರಡನೆಯದರಲ್ಲಿ ಹೊರಬಿತ್ತು: ಒಲೆಯ ಮುಂದೆ ಇದ್ದವನು ಈ ಮಣ್ಣಿನವನಲ್ಲ. ಮಂಡ್ಯದ ಹಲವು ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಬಂದವರು ದುಡಿಯುತ್ತಾರೆ. "ಮಣ್ಣಿನ ಮಕ್ಕಳು" ಎಂದು ಬರೆದ ಕ್ಷಣ ಅವರು ಪ್ರಬಂಧದಿಂದ ಕಾಣೆಯಾದರು. ಸಿದ್ಧ ಮಾತು ಬೇಸರ ತರಿಸುವುದು ಸಣ್ಣ ದೋಷ, ಎದುರಿಗಿರುವ ಮನುಷ್ಯನನ್ನೇ ಅಳಿಸಿಹಾಕುವುದು ದೊಡ್ಡ ದೋಷ.

ಕರಡು ಮುಗಿದ ಮೇಲೆ ಈ ಜಾತಿಯ ಮಾತುಗಳಿಗೆ ಕೆಂಪು ಗೆರೆ ಎಳೆಯಿರಿ: ಹಚ್ಚ ಹಸಿರು, ಮುಗ್ಧ ಹಳ್ಳಿಗರು, ಅನ್ನದಾತ, ಬಾಯಲ್ಲಿ ನೀರೂರಿಸುವ, ಜುಳುಜುಳು ಕಾವೇರಿ, ಮೈಸೂರಿನ ಬಗ್ಗೆಯಾದರೆ ಸಾಂಸ್ಕೃತಿಕ ನಗರಿ, ಗತವೈಭವ. ಪ್ರತಿ ಗೆರೆಯ ಹತ್ತಿರ ಒಂದು ಪ್ರಶ್ನೆ ಹಾಕಿ: ಇದನ್ನು ಬರೆಯುವಾಗ ನಾನು ಯಾವುದನ್ನು ನೋಡುತ್ತಿದ್ದೆ? ಉತ್ತರ ನೋಟ್‌ಬುಕ್‌ನಲ್ಲಿದ್ದರೆ ಅದನ್ನು ಬರೆಯಿರಿ. ಇಲ್ಲದಿದ್ದರೆ ಆ ವಾಕ್ಯ ಹೋಗಲಿ.

7. ಆಡುಮಾತನ್ನು ಹಿಡಿಯುವಾಗ

ಮಂಡ್ಯದ ಮಾತನ್ನು ಬರಹಕ್ಕೆ ಇಳಿಸುವಾಗ ಎರಡು ದಿಕ್ಕಿನಿಂದ ಕೆಡುತ್ತದೆ. ಪೂರ್ತಿ ಶಿಷ್ಟ ಕನ್ನಡಕ್ಕೆ ತಿರುಗಿಸಿದರೆ ಮನುಷ್ಯ ರೇಡಿಯೋ ವಾರ್ತೆ ಓದಿದಂತೆ ಮಾತಾಡುತ್ತಾನೆ. ಪ್ರತಿ ಪದವನ್ನೂ ಮುರಿದು ಬರೆದರೆ ಓದುಗರಿಗೆ ನಗು ಬರುತ್ತದೆ, ಅವನನ್ನು ನಗೆಪಾಟಲು ಮಾಡಿದ ಪಾಪ ನಿಮಗೆ. ನಾಲ್ಕೈದು ಲಕ್ಷಣ ಆರಿಸಿಕೊಂಡು ಕೊನೆಯವರೆಗೂ ಅವನ್ನೇ ಪಾಲಿಸಿ. ಉದಾಹರಣೆಗೆ: ಐತೆ, ಆಯ್ತದೆ, ಬತ್ತೀನಿ, ಯಂಗೆ, ಕಣಪ್ಪ. "ಸುಣ್ಣ ಜಾಸ್ತಿ ಬಿದ್ರೆ ಬೆಲ್ಲ ಕರ್ರಗಾಯ್ತದೆ ಕಣಪ್ಪ" ಎಂದರೆ ಸಾಕು, ಊರು ಗೊತ್ತಾಗುತ್ತದೆ.

ಒಬ್ಬನೇ ಮನುಷ್ಯ ಒಲೆಯವನ ಹತ್ತಿರ ಹರಕು ಹಿಂದಿ, ತಮ್ಮನ ಹತ್ತಿರ "ಏನ್ಲಾ", ಮೈಸೂರಿನಿಂದ ಬಂದ ನಿಮ್ಮ ಹತ್ತಿರ ಸ್ವಲ್ಪ ಇಸ್ತ್ರಿ ಹಾಕಿದ ಕನ್ನಡ ಆಡುತ್ತಾನೆ. ಆ ವ್ಯತ್ಯಾಸ ಹಾಗೇ ಬರಲಿ. ಅವನು ನಿಮ್ಮೊಡನೆ "ಬರ್ತೀನಿ ಸಾರ್" ಎಂದಿದ್ದರೆ "ಬತ್ತೀನಿ ಕಣ್ಲಾ" ಎಂದು ತಿದ್ದಿ ಹಳ್ಳಿತನ ಹಚ್ಚಬೇಡಿ.

ಉದ್ಧರಣ ಚಿಹ್ನೆಯೊಳಗೆ ಬರುವುದು ಅವರ ಬಾಯಿಂದ ಬಂದ ಮಾತೇ ಆಗಿರಬೇಕು. ನೆನಪು ಮಸುಕಾಗಿದ್ದರೆ ಚಿಹ್ನೆ ತೆಗೆದು ಸಾರಾಂಶ ಹೇಳಿ. ಧ್ವನಿ ಮುದ್ರಿಸಿಕೊಳ್ಳುವುದಾದರೆ ಮೊಬೈಲನ್ನು ಎದುರಿಗೆ ಕಾಣುವಂತಿಟ್ಟು ಕೇಳಿಯೇ ಮುದ್ರಿಸಿ.

8. ಬಿಳಿ ಪುಡಿಯ ಪೊಟ್ಟಣ

ಇಲ್ಲಿಯವರೆಗಿನದು ಅಭ್ಯಾಸದಿಂದ ಬರುತ್ತದೆ. ನಿಜವಾದ ಪರೀಕ್ಷೆ ಇಲ್ಲಿದೆ.

ಮಾಲೀಕರು ನಿಮ್ಮನ್ನು ಆದರದಿಂದ ಕೂರಿಸಿದ್ದಾರೆ, ಬಿಸಿ ಬೆಲ್ಲ ಕೊಟ್ಟಿದ್ದಾರೆ. ಪಾಕ ಹತ್ತಿರ ಬಂದಾಗ ಒಬ್ಬರು ಪ್ಲಾಸ್ಟಿಕ್ ಪೊಟ್ಟಣದಿಂದ ಬಿಳಿ ಪುಡಿ ತೆಗೆದು ಕೊಪ್ಪರಿಗೆಗೆ ಉದುರಿಸುತ್ತಾರೆ. ಕಂದು ಪಾಕ ನೋಡುತ್ತಿದ್ದಂತೆ ಹಳದಿಗೆ ತಿರುಗುತ್ತದೆ. ಅದು ಬಹುಮಟ್ಟಿಗೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆ ಉದ್ಯಮದಲ್ಲಿ ಬಣ್ಣ ತೆಗೆಯಲು ಬಳಸುವ ರಾಸಾಯನಿಕ. ಬೆಲ್ಲ ಹೊಳೆಯುತ್ತದೆ, ಇಟ್ಟಂತೆ ಇಟ್ಟಂತೆ ಮತ್ತೆ ಮಂಕಾಗುತ್ತದೆ.

ಬರೆಯುವವರು ಇಲ್ಲಿ ಮೂರು ದಾರಿಯಲ್ಲಿ ಜಾರುತ್ತಾರೆ. ಕೆಲವರು ಉಪಕಾರಕ್ಕೆ ಕಟ್ಟುಬಿದ್ದು ಪೊಟ್ಟಣವನ್ನೇ ಬಿಟ್ಟುಬಿಡುತ್ತಾರೆ. ಉಳಿದ ಸಾವಿರ ಪದವೂ ಆಗ ಅದೇ ಹೈಡ್ರೋಸ್ ಹಾಕಿದ ಬೆಲ್ಲವಾಗುತ್ತದೆ. ಕೆಲವರು ಇಡೀ ಪ್ರಬಂಧವನ್ನು ವಿಷ, ಮೋಸ ಎಂದು ತಿರುಗಿಸಿ ಗುಡುಗುತ್ತಾರೆ. ಮೂರನೆಯವರು "ಎಲ್ಲೆಡೆ ಕಲಬೆರಕೆ ಹೆಚ್ಚಿದೆ" ಎಂಬ ಮಾತಿನಲ್ಲಿ ಕಂಡ ಸಂಗತಿಯನ್ನು ಕರಗಿಸಿಬಿಡುತ್ತಾರೆ.

ಮಾಡಬೇಕಾದದ್ದು ಇದು. ಮೊದಲು ಅಲ್ಲೇ ಕೇಳಿ: ಅದೇನು, ಎಷ್ಟು ಹಾಕುತ್ತೀರಿ, ಹಾಕದಿದ್ದರೆ ಏನಾಗುತ್ತದೆ? ಕೇಳದೆ ಬಂದು ಬರೆದರೆ ಅದು ಅಡುಗೆ ಸೋಡಾನೋ ಹೈಡ್ರೋಸೋ ನಿಮಗೇ ಗೊತ್ತಿಲ್ಲ, ಆಗ "ಬಿಳಿ ಪುಡಿ" ಎಂದಷ್ಟೇ ಬರೆಯುವ ಹಕ್ಕು ನಿಮಗಿರುವುದು. ಉತ್ತರ ಸಾಮಾನ್ಯವಾಗಿ ಮಾರುಕಟ್ಟೆಯ ಕಡೆ ಬೆರಳು ಮಾಡುತ್ತದೆ: ಬೆಳ್ಳಗಿರುವ ಬೆಲ್ಲಕ್ಕೆ ರೇಟು, ಕಪ್ಪು ಬೆಲ್ಲವನ್ನು ಕೊಳ್ಳುವವರು ಮುಟ್ಟಿಯೂ ನೋಡುವುದಿಲ್ಲ. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಹೋಗಿ ಎರಡು ಬಣ್ಣದ ಅಚ್ಚಿಗೂ ಅಂದಿನ ಬೆಲೆ ಕೇಳಿ. ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ತಜ್ಞರ ಹತ್ತಿರ ಹೈಡ್ರೋಸ್ ಇಲ್ಲದೆ ಬೆಲ್ಲ ಮಾಡುವ ಬಗೆ ಕೇಳಿ. ಈಗ ನಿಮ್ಮ ಕೈಯಲ್ಲಿ ಪೊಟ್ಟಣ, ಕಾರಣ, ಬೆಲೆ, ಪರ್ಯಾಯ ನಾಲ್ಕೂ ಇವೆ. ನಾಲ್ಕನ್ನೂ ಒಂದೇ ದನಿಯಲ್ಲಿ ಬರೆಯಿರಿ. ಉದುರಿಸಿದ ಕೈಯನ್ನು ಬರೆದ ಹಾಗೆಯೇ, ಅಂಗಡಿಯಲ್ಲಿ ಹಳದಿ ಅಚ್ಚನ್ನೇ ಆರಿಸುವ ಕೈಯನ್ನೂ ಬರೆಯಿರಿ. ಎರಡನೆಯ ಕೈ ನಿಮ್ಮದೇ ಆಗಿದ್ದರೆ ಅದನ್ನೂ ಹೇಳಬೇಕು, ಒಂದು ವಾಕ್ಯದಲ್ಲಿ, ಅಳದೆ.

ಊರಿನ ಹೆಸರು, ಮಾಲೀಕರ ಹೆಸರು ಬಿಡಿ. ಒಬ್ಬ ಮನುಷ್ಯನ ಹೊಟ್ಟೆಪಾಡು ಕೆಡಿಸುವುದು ಪ್ರಬಂಧದ ಕೆಲಸವಲ್ಲ. ಹೆಸರು ಬಿಡುವಾಗ "ಮದ್ದೂರು ತಾಲ್ಲೂಕಿನ ಒಂದು ಆಲೆಮನೆ" ಎಂಬಷ್ಟು ಹೇಳಿ, ಕಟ್ಟಡದ ಬಣ್ಣ, ಪಕ್ಕದ ದೇವಸ್ಥಾನದಂಥ ಗುರುತುಗಳನ್ನೂ ತೆಗೆಯಿರಿ. ಇಲ್ಲದಿದ್ದರೆ ಹೆಸರು ಬಿಟ್ಟದ್ದು ನೆಪಕ್ಕೆ ಮಾತ್ರ. ಸುಳ್ಳು ಹೆಸರು ಇಟ್ಟರೆ ಬದಲಿಸಿದ್ದೇವೆ ಎಂದು ತಿಳಿಸಿ. ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡುವುದು ಪ್ರಬಂಧದಲ್ಲಿ ಕೂಡದು.

9. ಮೂರು ಓದು

ಕರಡನ್ನು ಒಂದು ವಾರ ಮುಚ್ಚಿಡಿ. ಆಮೇಲೆ ಮೂರು ಸಲ ಓದಿ, ಒಂದೊಂದು ಸಲಕ್ಕೆ ಒಂದೊಂದೇ ಕೆಲಸ.

ಮೊದಲ ಓದು ಕ್ರಿಯಾಪದಗಳಿಗೆ. "ಕಾರ್ಯ ನಿರ್ವಹಿಸುತ್ತಿದ್ದರು", "ಚಟುವಟಿಕೆಯಲ್ಲಿ ತೊಡಗಿಕೊಂಡಿದ್ದರು" ಎಂಬಲ್ಲೆಲ್ಲ ಯಾರು ಏನು ಮಾಡಿದರೆಂಬುದು ಅಡಗಿ ಕೂತಿರುತ್ತದೆ. ಎತ್ತಿದರು, ಸುರಿದರು, ಕಲಕಿದರು, ಬೈದರು ಎಂದು ಬಿಡಿಸಿ.

ಎರಡನೆಯದು ಗಟ್ಟಿಯಾಗಿ ಓದುವುದು. ಸಾವಿರ ಪದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಉಸಿರು ಕಟ್ಟಿದ ಕಡೆ ವಾಕ್ಯ ಉದ್ದವಾಗಿದೆ. ದನಿ ತಾನಾಗಿ ಭಾಷಣದ ಏರಿಗೆ ಹೋದ ಕಡೆ ನೀವು ನಂಬದ ಮಾತೊಂದಿದೆ. ಮನೆಯವರ ಮುಂದೆ ಆ ಸಾಲು ಹೇಳಲು ಸಂಕೋಚವಾದರೆ ಅದನ್ನು ತೆಗೆಯಿರಿ.

ಮೂರನೆಯ ಓದು ಕಂ, ಕೇ, ಓ ಗುರುತುಗಳಿಗೆ. ಇಸವಿ, ಅಳತೆ, ಊರಿನ ಹೆಸರು ಒಂದೊಂದನ್ನೂ ನೋಟ್‌ಬುಕ್ ಅಥವಾ ಪುಸ್ತಕದ ಜೊತೆ ತಾಳೆ ನೋಡಿ.

ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಅದರ ಹಿಂದಿನದು ಹೇಗೆ ನಿಲ್ಲುತ್ತದೆ ನೋಡಿ. ಬಹುಪಾಲು ಪ್ರಬಂಧಗಳು ಅಲ್ಲೇ ಮುಗಿದಿರುತ್ತವೆ, ಉಳಿದದ್ದು ಓದುಗರಿಗೆ ತಿಳಿಯಲಿಲ್ಲವೇನೋ ಎಂಬ ಹೆದರಿಕೆಯಿಂದ ಸೇರಿಸಿದ ನೀತಿ.

10. ಇದನ್ನೇ ಕಥೆ ಮಾಡುವುದಾದರೆ

ಕಥೆಯಲ್ಲಿ ಹೆಸರು, ಊರು, ಕಾಲ, ನಡೆದ ಕ್ರಮ ಎಲ್ಲವನ್ನೂ ಬದಲಿಸಬಹುದು, ಇಬ್ಬರನ್ನು ಒಬ್ಬರಾಗಿಸಬಹುದು. ಕೆಲಸದ ಒಳಗಿನ ಕಾರಣಗಳನ್ನು ಮಾತ್ರ ಬದಲಿಸಲಾಗದು. ಕಬ್ಬು ಕೊಯ್ಲಿಗೆ ಬರಲು ವರ್ಷದ ಹತ್ತಿರ ಬೇಕು. ಯುಗಾದಿಗೆ ನಾಟಿ ಮಾಡಿದ ಕಬ್ಬನ್ನು ಗೌರಿಹಬ್ಬಕ್ಕೆ ಕಡಿದು ಸಾಲ ತೀರಿಸುವ ನಾಯಕನನ್ನು ಬರೆದರೆ ಮಂಡ್ಯದ ಓದುಗರು ಅಲ್ಲಿಗೇ ಪುಸ್ತಕ ಮಡಚುತ್ತಾರೆ. ಟನ್ ಕಬ್ಬಿಗೆ ನೂರು ಕಿಲೋ ಆಸುಪಾಸು ಬೆಲ್ಲ ಬರುತ್ತದೆ. ಕಥೆಯ ಲೆಕ್ಕ ಮುನ್ನೂರು ಎಂದರೆ ಆ ಕುಟುಂಬದ ಬಡತನವೂ ಸುಳ್ಳೆನಿಸುತ್ತದೆ.

11. ಅಚ್ಚಿಗೆ ಕೊಡುವ ಮೊದಲು

ಪತ್ರಿಕೆಗೆ ಕಳಿಸುವ ಮೊದಲು ಆಲೆಮನೆಗೆ ಹೋಗಿ ಅವರ ಬಗ್ಗೆ ಬರೆದ ಭಾಗವನ್ನು ಓದಿ ಹೇಳಿ. ಸಂಗತಿ ತಪ್ಪಿದ್ದರೆ ತಿದ್ದಿ. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಎಂದರೆ ಆ ಉದ್ಧರಣೆ ಬಿಡಿ. "ಆ ಪೊಟ್ಟಣದ ವಿಷಯ ಬೇಡ" ಎಂದರೆ ಮಾತ್ರ ಒಪ್ಪಬೇಡಿ: ಗುರುತು ಸಿಗದಂತೆ ಬರೆದಿರುವುದನ್ನು ಸಾಲು ಸಾಲಾಗಿ ತೋರಿಸಿ, ಬೆಲೆಯ ಮಾತೂ ಅದರ ಪಕ್ಕದಲ್ಲೇ ಇದೆಯೆಂದು ಓದಿ ಹೇಳಿ. ಆಗಲೂ ಒಪ್ಪದಿದ್ದರೆ ಆ ಆಲೆಮನೆಯ ಪ್ರಬಂಧವನ್ನು ನಿಲ್ಲಿಸಿ, ಬೇರೆ ಕಡೆ ಮೊದಲಿಂದ ಶುರುಮಾಡಿ. ಪೊಟ್ಟಣ ತೆಗೆದು ಉಳಿದದ್ದನ್ನು ಅಚ್ಚಿಗೆ ಕೊಡುವುದು ಬೇಡ.

ನೋಟ್‌ಬುಕ್ಕಿನ ಮೇಲೆ ತಿಂಗಳು, ವರ್ಷ ಬರೆದು ಎತ್ತಿಡಿ. ಯಾರಾದರೂ ಪ್ರಶ್ನಿಸಿದರೆ ತೋರಿಸಲು ಬೇಕು. ಅಚ್ಚಾದ ಮೇಲೆ ಒಂದು ಪ್ರತಿಯನ್ನು ಮಾಲೀಕರಿಗೆ ತಲುಪಿಸಿ. ಒಲೆಯ ಮುಂದಿನವನಿಗೆ ಕನ್ನಡ ಓದಲು ಬಾರದಿದ್ದರೆ ಅವನಿದ್ದ ಸಾಲುಗಳನ್ನು ಹಿಂದಿಯಲ್ಲಿ ಹೇಳಿ ಬನ್ನಿ.